ಪಂದ್ಯ ನಿಂತ ಮೇಲೆ ಪಾರಿತೋಷಕ ಯಾರದು?

ಆಟದಲ್ಲಿ ಗೆದ್ದವರಿಗೆ ಕೊಡುವ ಪಾರಿತೋಷಕಗಳಲ್ಲಿ ಎರಡು ಬಗೆ. ಗೆದ್ದವನಿಗೇ ಶಾಶ್ವತವಾಗಿ ಸಲ್ಲುವಂಥದು ಒಂದು. ಒಂದು ವರ್ಷ ಗೆದ್ದವರ ಬಳಿ ಇದ್ದು ಮರುವರ್ಷ ಮತ್ತೊಬ್ಬ ವಿಜೇತರ ಕೈಸೇರುವ ಪರ್ಯಾಯ ಪಾರಿತೋಷಕ ಇನ್ನೊಂದು. ವಾಡಿ, ಶಹಾಬಾದಗಳಂತಹ ರೈಲು ಮತ್ತು ಸಿಮೆಂಟಿನ ಊರುಗಳಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಶಾಲೆಗಳಲ್ಲಿ ಇಂತಹ ಬಟ್ಟಲುಗಳನ್ನೂ ಫಲಕಗಳನ್ನೂ ಗಾಜಿನ ಕಪಾಟಿನೊಳಗೆ ನೋಡದವರು ವಿರಳ. ಪರ್ಯಾಯ ಪಾರಿತೋಷಕದ ನಿಯಮ ಸರಳವಾದುದು: ಗೆದ್ದವನು ಅದರ ಒಡೆಯನಲ್ಲ, ಒಂದು ವರ್ಷದ ಪಾಲಕ. ಮುಂದಿನ ವರ್ಷ ಅದನ್ನು ತೊಳೆದು ಬೆಳಗಿ ತಂದೊಪ್ಪಿಸುವುದು ಅವನ ಕರ್ತವ್ಯ. ಆದರೆ ಮುಂದಿನ ವರ್ಷದ ಪಂದ್ಯವೇ ನಡೆಯದೆ, ನಡೆಸುತ್ತಿದ್ದ ಸಂಸ್ಥೆಯೇ ಕರಗಿಹೋದರೆ, ಕೊನೆಯ ವಿಜೇತನ ಕೈಯಲ್ಲಿ ಉಳಿದ ಆ ಬಟ್ಟಲು ಯಾರದು?

ಇದನ್ನು ಸಣ್ಣ ಪ್ರಶ್ನೆಯೆಂದು ಬಿಡುವವರು ಶ್ರಾವಕನ ವ್ರತಗಳು ಎಂತಹ ಸಣ್ಣ ವಸ್ತುಗಳ ನಡುವೆ ಪರೀಕ್ಷೆಗೆ ಒಳಗಾಗುತ್ತವೆ ಎಂಬುದನ್ನು ಮರೆತವರು. ಪರರ ಭಂಡಾರವನ್ನು ಸೂರೆಗೊಳ್ಳುವ ಅವಕಾಶ ಗೃಹಸ್ಥನಿಗೆ ಜೀವಮಾನದಲ್ಲಿ ಒಮ್ಮೆಯೂ ಬಾರದೆ ಇರಬಹುದು. ಕೇಳುವವರಿಲ್ಲದ ವಸ್ತುವೊಂದು ತನ್ನ ಮನೆಯ ಕಪಾಟಿನಲ್ಲಿ ಉಳಿದುಬಿಡುವ ಸಂದರ್ಭವಂತೂ ಬಂದೇ ಬರುತ್ತದೆ.

ದೂರದೇಶದ ನಿದರ್ಶನವೊಂದು ಇಲ್ಲಿ ಉಪಯುಕ್ತವಾಗುತ್ತದೆ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಮಂಜುಗಡ್ಡೆಯ ನೆಲದ ಮೇಲೆ ಆಡುವ ಐಸ್ ಹಾಕಿ ಎಂಬ ಆಟಕ್ಕೆ ದೊಡ್ಡ ಲೀಗಿನ ಜೊತೆಗೆ ಎರಡನೆಯ ದರ್ಜೆಯ ವೃತ್ತಿಪರ ಲೀಗುಗಳೂ ಹಲವು ಇದ್ದವು. ಇಂಟರ್‌ನ್ಯಾಷನಲ್ ಹಾಕಿ ಲೀಗ್ ಅವುಗಳಲ್ಲೊಂದು. ಅದು 1945ರಲ್ಲಿ ಹುಟ್ಟಿದಾಗ ಇದ್ದ ತಂಡಗಳು ನಾಲ್ಕೇ. ಅವೂ ನದಿಯ ಎರಡು ದಡಗಳಲ್ಲಿರುವ ಡೆಟ್ರಾಯಿಟ್ ಮತ್ತು ವಿಂಡ್ಸರ್ ಎಂಬ ಎರಡೇ ನಗರಗಳವು. ಅದರ ವಿಜೇತರಿಗೆ ಕೊಡುತ್ತಿದ್ದ ಪಾರಿತೋಷಕಕ್ಕೆ ಟರ್ನರ್ ಕಪ್ ಎಂದು ಹೆಸರಿಟ್ಟರು. ಟರ್ನರ್ ಎಂಬವನು ಧನಿಕ ದಾನಿಯಲ್ಲ, ಸಂಸ್ಥೆಯ ಅಧ್ಯಕ್ಷನೂ ಅಲ್ಲ. ದೊಡ್ಡ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಿ, ಎರಡನೆಯ ಮಹಾಯುದ್ಧಕ್ಕೆ ಹೋಗಿ ಮರಳಿ ಬಾರದ ತರುಣ ಗೋಲ್‌ಕೀಪರ್. ಐವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಆ ಬಟ್ಟಲು ಕೈಯಿಂದ ಕೈಗೆ ಹೋಯಿತು. 2001ರಲ್ಲಿ ಒರ್ಲಾಂಡೊ ನಗರದ ತಂಡ ಅದನ್ನು ಗೆದ್ದಿತು; ಅದೇ ವರ್ಷ ಲೀಗು ಮುಚ್ಚಿತು. ಪಾರಿತೋಷಕವನ್ನು ಗೆದ್ದವರು ಹಂಚಿಕೊಳ್ಳಲಿಲ್ಲ, ಮಾರಲೂ ಇಲ್ಲ. ಅದು ಟೊರಾಂಟೊ ನಗರದಲ್ಲಿರುವ ಹಾಕಿಯ ಸ್ಮಾರಕ ಭವನಕ್ಕೆ ಸೇರಿತು. 2007ರಲ್ಲಿ ಬೇರೊಂದು ಲೀಗು ತನ್ನ ಹೆಸರನ್ನು ಬದಲಿಸಿಕೊಂಡು ಈ ಹಳೆಯ ಹೆಸರುಗಳನ್ನೇ ಮತ್ತೆ ಬಳಸಿತು. 2010ರಲ್ಲಿ ಅದೂ ನಿಂತಿತು.

ಇಂತಹ ಪ್ರಸಂಗ ನಮ್ಮಲ್ಲಿಯೂ ಉಂಟು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ರೈಲು ಹೋಗುವ ಹೈದರಾಬಾದಿನಲ್ಲಿ 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಆರಂಭವಾಯಿತು. ಮೊದಲ ವರ್ಷ ಗೆದ್ದದ್ದೂ ಹೈದರಾಬಾದಿನ ತಂಡವೇ. 2008ರ ನಂತರ ಆ ಲೀಗು ನಡೆಯಲಿಲ್ಲ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಎಂಬ ಮತ್ತೊಂದು ಪಂದ್ಯಾವಳಿ ಬಹಳ ಸದ್ದಿನೊಡನೆ ಬಂತು, ಒಂದೇ ಆವೃತ್ತಿಗೆ ಮುಗಿಯಿತು. ಗೆದ್ದವರ ಗೆಲುವು ಸುಳ್ಳಲ್ಲ. ಆದರೆ ಅದನ್ನು ಗೆಲುವೆಂದು ಕರೆದ ಸಭೆ ಈಗ ಇಲ್ಲ.

ಸಭೆ ಎದ್ದುಹೋದ ಮೇಲೆ ಉಳಿದ ಜಯಚಿಹ್ನೆಯ ಪ್ರಶ್ನೆಯನ್ನು ಈ ಸೀಮೆಯ ಜೈನರು ಪರದೇಶದಿಂದ ಕಲಿಯಬೇಕಾಗಿಲ್ಲ. ಚಿತ್ತಾಪುರ ಮತ್ತು ಸೇಡಂ ನಡುವೆ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಇಂದು ಅಲ್ಲಿ ಪಾಳುಬಿದ್ದ ಕೋಟೆ, ನೇಮಿನಾಥ ಬಸದಿ ಮತ್ತು ಶಹಾಬಾದಿ ಕಲ್ಲಿನ ಮನೆಗಳು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿನ ಅರಸನ ಮುಂದೆ ಪಾಳಿಧ್ವಜವೆಂಬ ಧ್ವಜಸಾಲು ನಡೆಯುತ್ತಿತ್ತು. ಕ್ರಿ.ಶ. 866ರ ಶಿರೂರು ಶಾಸನ ಅಮೋಘವರ್ಷ ನೃಪತುಂಗನ ರಾಜಚಿಹ್ನೆಗಳ ನಡುವೆ ಅದನ್ನು ಎಣಿಸುತ್ತದೆ. ಆದರೆ ಪಾಳಿಧ್ವಜ ರಾಷ್ಟ್ರಕೂಟರು ತಾವಾಗಿ ಹೊಲಿಸಿಕೊಂಡ ಬಾವುಟವಲ್ಲ. ಅದು ಗೆದ್ದು ತಂದದ್ದು. ಅದೂ ಗೆದ್ದವರಿಂದ ಗೆದ್ದು ತಂದದ್ದು.

ಬಾದಾಮಿ ಚಾಲುಕ್ಯರ ತಾಮ್ರಪಟಗಳು ವಿನಯಾದಿತ್ಯನು (681-696) ಸಕಲ ಉತ್ತರಾಪಥದ ಒಡೆಯನೊಬ್ಬನನ್ನು ಮರ್ದಿಸಿ ಪಾಳಿಧ್ವಜವನ್ನು ಸಂಪಾದಿಸಿದನೆಂದು ಹೇಳುತ್ತವೆ. ಅವನ ಮಗ ವಿಜಯಾದಿತ್ಯನು ತಂದೆಗಾಗಿ ಯುದ್ಧಮಾಡಿ ಗಂಗಾ ಯಮುನಾ ಚಿಹ್ನೆಗಳನ್ನೂ ಪಾಳಿಧ್ವಜವನ್ನೂ ಢಕ್ಕೆಯನ್ನೂ ತಂದುಕೊಟ್ಟನೆಂದೂ ಅವು ಹೇಳುತ್ತವೆ. ಮುಂದೆ ಎಂಟನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರ ಆಳ್ವಿಕೆ ಮುಗಿದು ರಾಷ್ಟ್ರಕೂಟರು ಮೇಲೆದ್ದರು. ಒಂದನೆಯ ಕೃಷ್ಣನು ರಾಹಪ್ಪನೆಂಬ ಅರಸನನ್ನು ಕತ್ತಿಯ ಬಲದಿಂದ ಸೋಲಿಸಿ, ಪಾಳಿಧ್ವಜಗಳ ಸಾಲಿನಿಂದ ಶೋಭಿಸುವ ಸಾರ್ವಭೌಮತ್ವವನ್ನು ಪಡೆದನೆಂಬುದು ಅವನ ವಂಶದ ತಾಮ್ರಪಟಗಳ ಮಾತು. ಹೀಗೆ ಪಾಳಿಧ್ವಜವೂ ಒಂದು ಪರ್ಯಾಯ ಪಾರಿತೋಷಕವೇ ಆಗಿತ್ತು. ವ್ಯತ್ಯಾಸವೆಂದರೆ ಆ ಪಂದ್ಯದ ಮೈದಾನದಲ್ಲಿ ಹೆಣಗಳು ಬಿದ್ದವು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಚಾಲುಕ್ಯ ಶಾಸನಗಳು ಸೋತ ಉತ್ತರಾಪಥದ ಒಡೆಯನ ಹೆಸರನ್ನು ಹೇಳುವುದಿಲ್ಲ. ಇತಿಹಾಸಕಾರರು ಊಹೆಗಳನ್ನು ಮಾಡಿದ್ದಾರೆ. ಗೆದ್ದವನಿಗೆ ಮಾತ್ರ ಅವನ ಹೆಸರು ಬೇಕಾಗಲಿಲ್ಲ. ಧ್ವಜ ಬಂತು, ಹೆಸರು ಬರಲಿಲ್ಲ. ಜಯಚಿಹ್ನೆಯೊಂದು ಅಸತ್ಯಕ್ಕೆ ಹತ್ತಿರವಾಗುವುದು ಹೀಗೆ. ಅದು ಸುಳ್ಳನ್ನು ನುಡಿಯುವುದಿಲ್ಲ. ಇಬ್ಬರ ನಡುವೆ ನಡೆದುದನ್ನು ಒಬ್ಬನ ಕಥೆಯಾಗಿ ಮಾಡುತ್ತದೆ. ನಾಲ್ಕೇ ತಂಡಗಳಿದ್ದ ಪಂದ್ಯದಲ್ಲಿ ಗೆದ್ದವನು ಬಟ್ಟಲಿನ ಮೇಲೆ ‘ವಿಜೇತ’ ಎಂದು ಮಾತ್ರ ಕೆತ್ತಿಸಿ ಎಷ್ಟು ಜನರಲ್ಲಿ ವಿಜೇತ ಎಂಬುದನ್ನು ಬಿಟ್ಟಾಗಲೂ ಆಗುವುದು ಅದೇ.

ಅಮೋಘವರ್ಷನ ಆಸ್ಥಾನದ ಪಾಳಿಧ್ವಜಕ್ಕೆ ಅವನ ಗುರುಗಳಾದ ಜಿನಸೇನಾಚಾರ್ಯರ ಕಾವ್ಯದಲ್ಲಿ ಒಂದು ಪ್ರತಿರೂಪವಿದೆ. ಪಾಳಿಧ್ವಜವೆಂದರೆ ಏನೆಂಬುದು ಶಾಸನತಜ್ಞರಿಗೆ ಬಹುಕಾಲ ಒಗಟಾಗಿತ್ತು. 1880ರ ದಶಕದಲ್ಲಿ ಕೆ.ಬಿ. ಪಾಠಕರು ಅದನ್ನು ಬಿಡಿಸಿದ್ದು ಆದಿಪುರಾಣದ ಸಮವಸರಣ ವರ್ಣನೆಯ ಸಹಾಯದಿಂದ. ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ ಎಂಬ ಹತ್ತು ಚಿಹ್ನೆಗಳ ಧ್ವಜಗಳು. ಒಂದೊಂದು ದಿಕ್ಕಿಗೂ ಪ್ರತಿ ಬಗೆಯವು 108. ದಿಕ್ಕೊಂದಕ್ಕೆ 1080, ನಾಲ್ಕು ದಿಕ್ಕುಗಳಿಗೆ 4320. ಅರಸನ ಮೆರವಣಿಗೆಯಲ್ಲಿ ನಡೆಯುತ್ತಿದ್ದ ಧ್ವಜದ ಸಾಲು ಈ ಕಾವ್ಯದಲ್ಲಿ ಭಗವಾನ್ ವೃಷಭನಾಥರ ಸಭೆಯ ಸುತ್ತ ನಿಂತಿದೆ. ಅಲ್ಲಿಯೂ ಅದು ಜಯದ ಚಿಹ್ನೆಯೇ, ಏಕೆಂದರೆ ಜಿನನೆಂದರೆ ಗೆದ್ದವನು. ಆದರೆ ಈ ಗೆಲುವಿನಲ್ಲಿ ಸೋತ ಅರಸನೊಬ್ಬನಿಲ್ಲ. ಹೆಸರು ಅಳಿದುಹೋದ ಎದುರಾಳಿಯಿಲ್ಲ. ಆ ಧ್ವಜಗಳನ್ನು ಇನ್ನೊಬ್ಬರು ಕಿತ್ತುಕೊಂಡು ಹೋಗಲಾರರು, ಯಾರಿಂದಲೂ ಅವನ್ನು ಕಿತ್ತು ತಂದದ್ದಲ್ಲವಾದ್ದರಿಂದ. ಒಂದೇ ರಾಜಧಾನಿಯ ವೈಭವವನ್ನು ಕಂಡ ಅರಸನೂ ಮುನಿಯೂ ಒಂದೇ ಶಬ್ದವನ್ನು ಬೇರೆ ಬೇರೆಯಾಗಿ ಬಳಸಿದರು. ಅರಸನಿಗೂ ಆ ವ್ಯತ್ಯಾಸ ತಿಳಿಯಿತೆಂದು ತೋರುತ್ತದೆ. ಪ್ರಶ್ನೋತ್ತರ ರತ್ನಮಾಲಿಕೆ ಅವನನ್ನು ವಿವೇಕದಿಂದ ರಾಜ್ಯವನ್ನು ತೊರೆದವನೆಂದು ಸ್ಮರಿಸುತ್ತದೆ.

ಅದೇ ಆದಿಪುರಾಣದಲ್ಲಿ ಭರತ ಚಕ್ರವರ್ತಿ ವೃಷಭಾಚಲದ ಮುಂದೆ ನಿಂತ ಪ್ರಸಂಗವೂ ಬರುತ್ತದೆ. ಷಟ್ಖಂಡಗಳನ್ನು ಗೆದ್ದು, ಇಂತಹ ಜಯ ತನ್ನೊಬ್ಬನದೇ ಎಂಬ ಭಾವದಿಂದ, ಕಾಕಿಣೀ ರತ್ನವನ್ನು ಹಿಡಿದು ತನ್ನ ಹೆಸರನ್ನು ಕೆತ್ತಲು ಅವನು ಬಂದ. ಬೆಟ್ಟದ ಮೈಮೇಲೆ ಎಡೆಯೇ ಇರಲಿಲ್ಲ. ಹಿಂದೆ ಆಗಿಹೋದ ಚಕ್ರವರ್ತಿಗಳ ಹೆಸರುಗಳಿಂದ ಅದು ತುಂಬಿಹೋಗಿತ್ತು. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಯಿತು. ಬಸದಿಯ ಪ್ರವಚನಗಳಲ್ಲಿ ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಭರತನ ಗರ್ವಭಂಗದವರೆಗೆ ಬಂದು ನಿಲ್ಲುತ್ತಾರೆ. ಅಳಿದುಹೋದ ಹೆಸರಿನವನ ಬಗ್ಗೆ ಯೋಚಿಸುವವರು ಕಡಿಮೆ. ಅವನೂ ಒಂದು ದಿನ ಇನ್ನಾವನದೋ ಹೆಸರನ್ನು ಅಳಿಸಿದವನೇ ಇರಬಹುದು.

ಐಸ್ ಹಾಕಿಯ ಅತಿ ಹಿರಿಯ ಪಾರಿತೋಷಕವಾದ ಸ್ಟ್ಯಾನ್ಲಿ ಕಪ್ಪಿನ ಮೇಲೆ ಗೆದ್ದ ತಂಡದ ಆಟಗಾರರ ಹೆಸರುಗಳನ್ನು ಕೆತ್ತುವ ಪದ್ಧತಿಯಿದೆ. ಬಟ್ಟಲಿನ ಕೆಳಗಿನ ಲೋಹದ ಪಟ್ಟಿಗಳು ತುಂಬಿದಾಗ ಅತ್ಯಂತ ಹಳೆಯ ಪಟ್ಟಿಯನ್ನು ಬಿಚ್ಚಿ ತೆಗೆದು ಹೊಸದನ್ನು ಸೇರಿಸುತ್ತಾರೆ. ಬಿಚ್ಚಿದ ಪಟ್ಟಿಯನ್ನು ಸ್ಮಾರಕ ಭವನದಲ್ಲಿ ಇಡುತ್ತಾರೆ. ವೃಷಭಾಚಲದ ಸಂಕಟಕ್ಕೆ ಇದು ಒಂದು ಸೌಮ್ಯವಾದ ಪರಿಹಾರ: ಹಳೆಯ ಹೆಸರು ಸ್ಥಾನವನ್ನು ಬಿಟ್ಟುಕೊಡುತ್ತದೆ, ಆದರೆ ಅಳಿಯುವುದಿಲ್ಲ. ಅಂತಹ ಉಪಾಯ ವ್ಯಾಪಾರದ ಆಟವೊಂದಕ್ಕೆ ಹೊಳೆದಿರುವಾಗ, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ದಾನಿಗಳ ಕಲ್ಲುಗಳನ್ನು ಕಿತ್ತು ಹೊಸ ದಾನಿಗಳ ಅಮೃತಶಿಲೆಯ ಫಲಕಗಳನ್ನು ಹಚ್ಚುವ ಬಸದಿಗಳ ಕಾರ್ಯದರ್ಶಿಗಳಿಗೂ ಹೊಳೆಯಬಾರದೇಕೆ?

ಇನ್ನು ಕಪಾಟಿನಲ್ಲಿರುವ ಬಟ್ಟಲಿನ ಮಾತು. ಇಂತಹ ಪ್ರಸಂಗವೊಂದನ್ನು ಕಲ್ಪಿಸಿಕೊಳ್ಳಬಹುದು. ಒಂದು ಊರಿನಲ್ಲಿ ಹಲವು ವರ್ಷ ನಡೆದ ಪಂದ್ಯಾವಳಿ ನಿಂತಿದೆ. ಅದನ್ನು ನಡೆಸಿದ ಮಂಡಳಿ ಚದುರಿದೆ. ಕೊನೆಯ ವರ್ಷ ಗೆದ್ದ ತಂಡದ ನಾಯಕನ ಮನೆಯಲ್ಲಿ ಬೆಳ್ಳಿಯ ಪರ್ಯಾಯ ಪಾರಿತೋಷಕ ಉಳಿದಿದೆ. ನಾಯಕನು ತೀರಿಕೊಂಡ ನಂತರ ಮಕ್ಕಳು ಅದನ್ನು ಕರಗಿಸಿ ಬಸದಿಯ ಅಭಿಷೇಕಕ್ಕೆ ಕಲಶವನ್ನು ಮಾಡಿಸಿಕೊಡಲು ಮುಂದೆ ಬರುತ್ತಾರೆ. ಭಾವ ಶುದ್ಧವಾಗಿದೆ. ಟ್ರಸ್ಟು ಅದನ್ನು ಸ್ವೀಕರಿಸಬಹುದೇ?

ಸ್ವೀಕರಿಸಬಹುದೆನ್ನುವವರ ವಾದ ದುರ್ಬಲವಾದುದಲ್ಲ. ಕೇಳುವವರೇ ಇಲ್ಲದ ವಸ್ತುವಿನಲ್ಲಿ ಯಾರಿಗೆ ಅನ್ಯಾಯವಾಯಿತು? ಕಪ್ಪುಹಿಡಿದು ಮೂಲೆಗೆ ಸೇರುವುದಕ್ಕಿಂತ ಜಿನಬಿಂಬದ ಮೇಲೆ ನೀರೆರೆಯುವ ಪಾತ್ರೆಯಾಗುವುದು ಆ ಲೋಹದ ಪುಣ್ಯವಲ್ಲವೇ? ಮನೆಯಲ್ಲಿಟ್ಟುಕೊಂಡು ತಂದೆಯ ಗೆಲುವನ್ನು ಬಂದವರಿಗೆಲ್ಲ ತೋರಿಸುತ್ತ ಕುಲಮದವನ್ನೂ ಬಲಮದವನ್ನೂ ಬೆಳೆಸುವುದಕ್ಕಿಂತ ಕೊಟ್ಟು ಹಗುರಾಗುವುದು ಲೇಸಲ್ಲವೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ ಬಳಸಿದ ಎಚ್ಚರ ಇಲ್ಲಿ ಸ್ಮರಣೀಯ. ಪರರು ಇಟ್ಟದ್ದನ್ನು, ಬೀಳಿಸಿದ್ದನ್ನು, ಮರೆತುಹೋದದ್ದನ್ನು ಶ್ರಾವಕನು ತಾನು ತೆಗೆದುಕೊಳ್ಳಬಾರದೆಂಬಲ್ಲಿಗೆ ಆಚಾರ್ಯರು ನಿಲ್ಲಿಸಲಿಲ್ಲ. ಅದನ್ನು ತೆಗೆದು ಇನ್ನೊಬ್ಬರಿಗೆ ಕೊಡುವುದನ್ನೂ ಅವರು ಒಪ್ಪಲಿಲ್ಲ. ಈ ಎರಡನೆಯ ನಿಷೇಧದ ಔಚಿತ್ಯ ಮೇಲ್ನೋಟಕ್ಕೆ ತಿಳಿಯದು. ತೆಗೆದುಕೊಳ್ಳುವವನಿಗೆ ಲೋಭವಿದೆ, ಕೊಡುವವನಿಗೆ ಏನಿದೆ? ಕೊಡುವವನಿಗೆ ದಾನಿಯೆಂಬ ಹೆಸರಿದೆ. ತನ್ನದಲ್ಲದ್ದನ್ನು ಕೊಟ್ಟು ತನ್ನದಾಗಿಸಿಕೊಳ್ಳುವ ಕೀರ್ತಿ ಅದು. ಕರಗಿಸಿದ ಬೆಳ್ಳಿಯ ಕಲಶದ ಮೇಲೆ ಮಕ್ಕಳು ತಂದೆಯ ಹೆಸರನ್ನು ಕೆತ್ತಿಸಿದರೆ, ಆ ಬಟ್ಟಲಿನ ಮೇಲೆ ಹಿಂದಿನ ವರ್ಷಗಳಲ್ಲಿ ಗೆದ್ದ ಎಲ್ಲರ ಹೆಸರುಗಳೂ ಆ ಒಂದು ಹೆಸರಿನೊಳಗೆ ಕರಗಿದವು. ಭರತನು ಒಂದೇ ಹೆಸರನ್ನು ಅಳಿಸಿದ್ದ.

ಕೇಳುವವರಿಲ್ಲ ಎಂಬ ಮಾತೂ ಪರೀಕ್ಷೆಗೆ ಅರ್ಹ. ಮಂಡಳಿ ಚದುರಿತೇ ಹೊರತು ಅದರ ಸದಸ್ಯರು, ಹಿಂದೆ ಗೆದ್ದವರು, ಸೋತವರು, ಬಟ್ಟಲನ್ನು ಕೊಡಿಸಿದವರ ಮನೆಯವರು ಎಲ್ಲರೂ ಒಮ್ಮೆಗೇ ಇಲ್ಲವಾದರೆಂದಲ್ಲ. ಅವರನ್ನು ಹುಡುಕಿ ಕೇಳುವುದು ತೊಂದರೆಯ ಕೆಲಸ. ಬಹುಶಃ ಕೇಳುವವರಿಲ್ಲ ಎಂಬುದಕ್ಕೆ ಹುಡುಕಿದವರಿಲ್ಲ ಎಂದೇ ಅರ್ಥ. ಅವರು ಕೂಡಿ ಒಪ್ಪಿದರೆ ಕಲಶವಾಗಲು ಅಡ್ಡಿಯಿಲ್ಲ. ಸೇಡಮಿನ ಮುನ್ನೂರು ಮಹಾಜನರು 1124ರಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದರೆಂದು ಅಲ್ಲಿನ ಶಾಸನ ಹೇಳುತ್ತದೆ. ಮುನ್ನೂರು ಜನ ಒಂದಾಗಿ ಕೊಟ್ಟದ್ದನ್ನು ಮುನ್ನೂರು ಜನರ ಹೆಸರಿನಲ್ಲಿಯೇ ಬರೆಯಲಾಯಿತು. ಆ ಮಹಾಜನಸಭೆ ಇಲ್ಲವಾಗಿ ಶತಮಾನಗಳಾದರೂ ದಾನಿಗಳು ಯಾರೆಂಬುದರಲ್ಲಿ ಇಂದಿಗೂ ಗೊಂದಲವಿಲ್ಲ.

ಒಪ್ಪಿಗೆ ಕೊಡುವವರು ನಿಜವಾಗಿಯೂ ಯಾರೂ ಉಳಿದಿಲ್ಲವೆಂದು ಇಟ್ಟುಕೊಂಡರೂ ಪಾಲಕನು ಒಡೆಯನಾಗುವುದಿಲ್ಲ. ಪಾಲನೆಯ ಅವಧಿ ಮಾತ್ರ ಉದ್ದವಾಗುತ್ತದೆ. ಆ ಬಟ್ಟಲನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಒಪ್ಪಿಸಿ, ಪಂದ್ಯ ಯಾವುದು, ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆಯಿತು, ಎಷ್ಟು ತಂಡಗಳಿದ್ದವು, ಕೊನೆಯ ಪಂದ್ಯದಲ್ಲಿ ಸೋತವರು ಯಾರು ಎಂಬುದನ್ನು ಬರೆದಿಟ್ಟರೆ ವಸ್ತುವೂ ಉಳಿಯಿತು, ಸತ್ಯವೂ ಉಳಿಯಿತು. ಇದು ಮೋಹವಲ್ಲವೇ ಎಂದು ಕೇಳಬಹುದು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಎಂದರೆ ನನ್ನದೆಂಬ ಭಾವದಲ್ಲಿ ಗುರುತಿಸಿತು. ನನ್ನದಲ್ಲವೆಂದು ಬರೆದಿಟ್ಟು ಕಾಪಾಡುವವನಲ್ಲಿ ಆ ಮೂರ್ಛೆಗೆ ಎಡೆಯಿಲ್ಲ. ಕರಗಿಸಿ ಕೊಟ್ಟು ದಾನಿಯಾದವನಲ್ಲಿ ಅದು ಇರಬಹುದು. ಟರ್ನರ್ ಕಪ್ಪಿನ ವಿಷಯದಲ್ಲಿ, ಈ ಯಾವ ಶಾಸ್ತ್ರವನ್ನೂ ಓದದ ಜನ, ಸರಿಯಾದುದನ್ನೇ ಮಾಡಿದರು.

ಮಾನ್ಯಖೇಟದ ಅಂತ್ಯದ ಕಥೆಯೊಂದು ಈ ವಿಚಾರಕ್ಕೆ ತೀರ ಹತ್ತಿರವಾದುದು. ಪುಷ್ಪದಂತ ಕವಿ ತನ್ನ ಅಪಭ್ರಂಶ ಮಹಾಪುರಾಣವನ್ನು ಈ ನಗರದಲ್ಲಿ 965ರಲ್ಲಿ ಮುಗಿಸಿದ. ಏಳು ವರ್ಷಗಳ ನಂತರ, 972ರಲ್ಲಿ, ಪರಮಾರ ಸೀಯಕನ ಮಾಳವ ಸೈನ್ಯ ಅದನ್ನು ಸೂರೆಗೊಂಡಿತು. ಮರುವರ್ಷ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಸಿಂಹಾಸನವನ್ನೇ ತೆಗೆದುಕೊಂಡ. ಮೂರನೆಯ ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರನಿಗೆ ಅವನ ಸೋದರಮಾವ, ಗಂಗ ಮಾರಸಿಂಹನು ಪಟ್ಟವನ್ನು ಕಟ್ಟಿದ. ಆ ಪಟ್ಟಕ್ಕೆ ರಾಜ್ಯವಿರಲಿಲ್ಲ. ಅನೇಕ ಜಯಗಳ ಒಡೆಯನಾದ ಮಾರಸಿಂಹನೇ ಮುಂದೆ ಎಲ್ಲವನ್ನೂ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದ. ಇಂದ್ರನು ಶ್ರವಣಬೆಳಗೊಳಕ್ಕೆ ಹೋದ.

ಚಂದ್ರಗಿರಿಯ ಮೇಲೆ ಗಂಧವಾರಣ ಬಸದಿಯ ಎದುರಿನ ಕಂಬದ ಮೇಲೆ ಅವನ ಶಾಸನವಿದೆ. ಸಮಾಧಿಮರಣದ ಸ್ಮಾರಕವೆಂದು ಓದಲು ಹೋದವರಿಗೆ ಅದು ಆಶ್ಚರ್ಯವನ್ನುಂಟುಮಾಡುತ್ತದೆ. ಅದರ ಪದ್ಯಗಳಲ್ಲಿ ಹಲವು, ಕುದುರೆಯೇರಿ ಕೋಲಿನಿಂದ ಚೆಂಡಾಡುವ ಆಟದಲ್ಲಿ ಇಂದ್ರನಿಗಿದ್ದ ನೈಪುಣ್ಯವನ್ನು ವರ್ಣಿಸುತ್ತವೆ. ವಿದ್ವಾಂಸರು ಅದನ್ನು ಇಂದಿನ ಪೋಲೋ ಆಟಕ್ಕೆ ಹೋಲಿಸುತ್ತಾರೆ. ವ್ರತಧಾರಿಯ ಕಂಬದ ಮೇಲೆ ಚೆಂಡಾಟದ ಹೊಗಳಿಕೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಅದನ್ನು ಬರೆಸಿಕೊಂಡವನು ಇಂದ್ರನಲ್ಲ, ಬರೆದವರು ಉಳಿದವರು. ಅವರ ಮುಂದೆ ಹೇಳಿಕೊಳ್ಳಲು ಗೆದ್ದ ರಾಜ್ಯಗಳ ಉದ್ದನೆಯ ಪಟ್ಟಿಯಿರಲಿಲ್ಲ. ರಾಜಧಾನಿ ಸೂರೆಯಾಗಿತ್ತು, ಸಿಂಹಾಸನ ತೈಲಪನದಾಗಿತ್ತು. ಒಬ್ಬ ಮನುಷ್ಯ ಒಂದು ಆಟವನ್ನು ಚೆನ್ನಾಗಿ ಬಲ್ಲವನಾಗಿದ್ದನೆಂಬುದು ಮಾತ್ರ ಯಾರೂ ಕಿತ್ತುಕೊಳ್ಳಲಾಗದ ನಿಜವಾಗಿತ್ತು. ಅದನ್ನು ಅವರು ಕಲ್ಲಿಗೆ ಒಪ್ಪಿಸಿದರು. ಆ ಆಟವನ್ನು ಅವನೊಡನೆ ಆಡಿದವರು, ಅದನ್ನು ನಿಂತು ನೋಡಿದ ಸಭೆ, ಗೆದ್ದಾಗ ದೊರೆತಿರಬಹುದಾದ ಬಹುಮಾನ ಯಾವುದೂ ಈಗ ಇಲ್ಲ.

ಆಟವನ್ನು ಹೊಗಳಿದ ಅದೇ ಕಂಬ ಅವನು ದೇಹವನ್ನು ಬಿಟ್ಟ ದಿನವನ್ನೂ ಹೇಳುತ್ತದೆ: ಶಕವರ್ಷ 904, ಚಿತ್ರಭಾನು ಸಂವತ್ಸರ, ಚೈತ್ರ ಶುದ್ಧ ಅಷ್ಟಮಿ, ಸೋಮವಾರ. ಇಂದಿನ ಲೆಕ್ಕದಲ್ಲಿ 982ರ ಮಾರ್ಚ್ 20.